ಲಾರಿಯ ಬ್ಯಾಟರಿ ಇಳಿಯುತ್ತಿದ್ದ ಮಳೆಗಾಲ

ನಮ್ಮ ಮನೆಯಲ್ಲಿ ಈ ಕಥೆಯನ್ನು ಹೇಳುವ ಕ್ರಮ ಹೀಗೆ: ಚಿಕ್ಕಪ್ಪನ ಲಾರಿಗೆ ಒಂದು ಮಳೆಗಾಲವಿಡೀ ಕಾಯಿಲೆ ಹಿಡಿದಿತ್ತು, ಮಾಗಡಿ ರಸ್ತೆಯ ಎಲೆಕ್ಟ್ರಿಷಿಯನ್ನರೆಲ್ಲ ಕೈಚೆಲ್ಲಿ ಕೂತಿದ್ದರು, ಆಗ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗನೊಬ್ಬ ಒಂದು ಬಲ್ಬು, ಎರಡು ತುಂಡು ವೈರು ಹಿಡಿದು ಬಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ರೋಗ ಪತ್ತೆ ಮಾಡಿದ. ಆ ಹುಡುಗ ನಾನು. ಮದುವೆ ಮನೆಗಳಲ್ಲಿ ಪಂಕ್ತಿಗೆ ಕಾಯುವ ಹೊತ್ತಿನಲ್ಲಿ ಚಿಕ್ಕಪ್ಪ ಇದನ್ನು ಹೇಳುತ್ತಾರೆ. ಹೇಳಿದ ಹಾಗೆಲ್ಲ ಕೈಚೆಲ್ಲಿದ ಎಲೆಕ್ಟ್ರಿಷಿಯನ್ನರ ಸಂಖ್ಯೆ ಏರುತ್ತಿದೆ.

ಆ ಸಂಖ್ಯೆಯೊಂದನ್ನು ಬಿಟ್ಟರೆ ಇದರಲ್ಲಿ ಸುಳ್ಳಿಲ್ಲ ಎಂಬುದೇ ನನ್ನ ತಕರಾರು. ಸುಳ್ಳಾಗಿದ್ದರೆ ಖಂಡಿಸಬಹುದಿತ್ತು, ಚರ್ಚಾಸ್ಪರ್ಧೆಗಳ ವೇದಿಕೆಯಲ್ಲಿ ನಿಂತು ನಾನು ಕಲಿತದ್ದೇ ಅದು. ಆದರೆ ನಿಜವಾದ ಸಂಗತಿಗಳನ್ನೇ ಆರಿಸಿ, ಬೇಡವಾದವನ್ನು ಎಲೆಯ ಅಂಚಿಗೆ ತಳ್ಳಿ ಬಡಿಸಿದ ಕಥೆಯನ್ನು ಖಂಡಿಸುವುದು ಹೇಗೆ? ಅಂಚಿಗೆ ತಳ್ಳಿದ್ದನ್ನು ಮತ್ತೆ ನಡುವೆ ಎಳೆದು ಹಾಕಬೇಕು, ಅಷ್ಟೇ.

ಹೋದ ಭಾನುವಾರ ಕೆಂಗೇರಿಯಲ್ಲಿ ಗೆಳೆಯನೊಬ್ಬನ ಮನೆ ಹುಡುಕುತ್ತ ಒಂದು ಓಣಿಯಲ್ಲಿ ತಿರುಗಿದೆ. ಇದ್ದಿಲ ಪುಡಿಗೆ ಜಿಗಟು ಬೆರೆಸಿ ನೀರು ಹಾಕಿ ನಾದಿದಾಗ ಬರುವ ವಾಸನೆ ಬಂತು. ಊದಿನ ಕಡ್ಡಿಗೆ ಸುಗಂಧ ಸೇರುವುದು ಆಮೇಲೆ, ಕಂಟ್ರಾಕ್ಟರನ ಮನೆಯಲ್ಲಿ. ಹೊಸೆಯುವವರ ಮನೆಯಲ್ಲಿರುವುದು ಈ ಒದ್ದೆ ಇದ್ದಿಲ ವಾಸನೆ ಮಾತ್ರ. ಹೊಸ್ತಿಲ ಒಳಗೆ ಮಣೆ ಇಟ್ಟುಕೊಂಡು, ಮೊಣಕೈವರೆಗೆ ಕಪ್ಪಾಗಿ, ಕಡ್ಡಿ ಹೊಸೆಯುತ್ತಿದ್ದ ಹೆಂಗಸು ತಲೆ ಎತ್ತಿದರು. ಜಯಮ್ಮ. ಚಿಕ್ಕಪ್ಪನ ಲಾರಿಯ ಡ್ರೈವರ್ ಸಿದ್ಲಿಂಗಣ್ಣನ ಹೆಂಡತಿ.

"ಓಹೋ, ಬಲ್ಬ್ ಸ್ವಾಮಿಗಳು!" ಎಂದರು.

ಮೂರು ವರ್ಷದ ಹಿಂದಿನ ಮಾತು, ತುರ್ತು ಪರಿಸ್ಥಿತಿ ಮುಗಿದ ಮೊದಲ ಮಳೆಗಾಲ ಅದು. ನಾನು ಬಿ.ಎಸ್ಸಿ. ಎರಡನೇ ವರ್ಷ. ಹಿಂದಿನ ವರ್ಷ ಕಾಲೇಜಿನಲ್ಲಿ ಚರ್ಚೆಗೆ ಸಿಗುತ್ತಿದ್ದ ವಿಷಯಗಳು ಶಿಸ್ತು, ಮಿತ ಸಂಸಾರ, ಸಮಯಪಾಲನೆ. ಈಗ ಒಮ್ಮೆಲೇ ಏನು ಬೇಕಾದರೂ ಮಾತಾಡಬಹುದಿತ್ತು, ನಾವು ಮಾತಾಡುತ್ತಲೇ ಇದ್ದೆವು. ಚೀಟಿ ಎತ್ತಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಮನೆಯಲ್ಲೂ ಬಾಯಿ ಕಟ್ಟುತ್ತಿರಲಿಲ್ಲ. "ಇವನಿಗೆ ಉಪ್ಪು ಜಾಸ್ತಿ ಆಯ್ತು ಅಂದ್ರೂ ಪ್ರೂಫ್ ಕೇಳ್ತಾನೆ" ಎಂದು ಚಿಕ್ಕಮ್ಮ ಅನ್ನುತ್ತಿದ್ದಳು.

ನಮ್ಮಪ್ಪ ಊರಿನಲ್ಲಿದ್ದರು, ಓದಿಗೆಂದು ನಾನು ಹೊಸಹಳ್ಳಿಯ ಚಿಕ್ಕಪ್ಪನ ಮನೆಯಲ್ಲಿದ್ದೆ. ಹೊಲವೆಲ್ಲ ಲೇಔಟಿಗೆ ಹೋದ ಮೇಲೆ ಚಿಕ್ಕಪ್ಪ ಮಾಡಿದ್ದು ಎರಡು ಕೆಲಸ. ಮನೆಯ ಹಿಂದೆ ಸಾಲು ಮನೆಗಳ ಒಂದು ವಠಾರ ಕಟ್ಟಿಸಿದರು. ಹಳೆಯದೊಂದು ಡೀಸೆಲ್ ಲಾರಿ ಕೊಂಡರು. ಒಂದು ಕಾಲಕ್ಕೆ ತಾವೇ ರಾಗಿ ಬಿತ್ತಿದ್ದ ನೆಲದ ಮೇಲೆ ಏಳುತ್ತಿದ್ದ ಮನೆಗಳ ಪಾಯಕ್ಕೆ ಮಾಗಡಿ ರಸ್ತೆಯ ಕ್ವಾರಿಗಳಿಂದ ಸೈಜುಗಲ್ಲು ಹೊಡೆಸುತ್ತಿದ್ದರು. ತಿಪಟೂರು ಕಡೆಯ ಸಿದ್ಲಿಂಗಣ್ಣನಿಗೆ ವಠಾರದ ಕೊನೆಯ ಮನೆ ಕೊಟ್ಟಿದ್ದರು. ಆ ಮನೆಯ ಹಿಂಗೋಡೆಗೆ ಅಂಟಿದಂತೆ ರಾತ್ರಿ ಲಾರಿ ನಿಲ್ಲುತ್ತಿತ್ತು. ಕಾವಲೂ ಆಗುತ್ತದೆ ಎಂದು.

ವಠಾರಕ್ಕೆಲ್ಲ ಒಂದೇ ಮೀಟರು. ಮೈನ್ ಸ್ವಿಚ್ ನಮ್ಮ ಪಡಸಾಲೆಯಲ್ಲಿ. ಒಂಬತ್ತು ಹೊಡೆದ ಕೂಡಲೇ ಚಿಕ್ಕಪ್ಪ ಎದ್ದು ಹೋಗಿ ವಠಾರದ ಸ್ವಿಚ್ಚನ್ನು ಕೆಳಗೆ ಎಳೆಯುತ್ತಿದ್ದರು. ನಮ್ಮ ಕಡೆಯ ವಠಾರಗಳ ಮಾಲೀಕರು ಬಹುಮಟ್ಟಿಗೆ ಎಲ್ಲರೂ ಹೀಗೆಯೇ. ಒಂಬತ್ತೂವರೆವರೆಗೆ ಬಿಡುವವರನ್ನು ಧರ್ಮಾತ್ಮರು ಅನ್ನುತ್ತಿದ್ದರು. ಯಾರಾದರೂ ಕೇಳಿದರೆ ಚಿಕ್ಕಪ್ಪನ ಬಳಿ ಉತ್ತರ ಸಿದ್ಧವಿತ್ತು: "ಒಂಬತ್ತರ ಮೇಲೆ ದೀಪ ಬೇಕಾಗಿರೋದು ಹೆರೋಳಿಗೆ, ಇಲ್ಲಾ ಸಾಯೋನಿಗೆ. ಅವರು ಬಂದು ಕೇಳ್ಲಿ, ಹಾಕ್ತೀನಿ." ನಮ್ಮ ಮನೆಯ ಸ್ವಿಚ್ ಬೇರೆ. ಅದರ ಬೆಳಕಿನಲ್ಲಿ ನಾನು ನಡುರಾತ್ರಿಯವರೆಗೆ ಕೂತು ಮಾನವನ ಹಕ್ಕುಗಳ ಬಗ್ಗೆ ಭಾಷಣ ಬರೆಯುತ್ತಿದ್ದೆ.

ಜೂನ್ ಕೊನೆಗೆ, ಮಳೆ ಶುರುವಾಗಿ ಕಟ್ಟಡದ ಕೆಲಸಗಳು ಕುಂಟತೊಡಗಿದಾಗ, ಲಾರಿ ಬೆಳಿಗ್ಗೆ ಸ್ಟಾರ್ಟ್ ಆಗುವುದನ್ನು ಬಿಟ್ಟಿತು. ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ತಂದರೆ ಕೆಲವು ದಿನ ಸರಿ. ಆಮೇಲೆ ಒಂದು ಬೆಳಿಗ್ಗೆ ಸಿದ್ಲಿಂಗಣ್ಣ ಬಟನ್ ಒತ್ತಿದರೆ ಮುದುಕ ಕೆಮ್ಮಿದ ಹಾಗೆ ಎರಡು ಸದ್ದು, ಮತ್ತೆ ಮೌನ. ವಠಾರದ ಗಂಡಸರೆಲ್ಲ ಬನಿಯನ್ನಿನಲ್ಲಿ ಬಂದು ಗೋವಿಂದರಾಜನಗರದ ಕಡೆಯ ಇಳಿಜಾರಿಗೆ ತಳ್ಳಬೇಕು. "ಬಾಡಿಗೇನೂ ಕೊಟ್ಟು ಲಾರೀನೂ ತಳ್ಳೋ ವಠಾರ ಬೆಂಗ್ಳೂರಲ್ಲೇ ಇದೊಂದೇ ಕಣೋ ಗುರು" ಎಂದು ಎರಡನೇ ಮನೆಯ ಮಿಲ್ ನೌಕರ ರಂಗಪ್ಪ ನನ್ನ ಪಕ್ಕದಲ್ಲಿ ನೂಕುತ್ತ ಹೇಳುತ್ತಿದ್ದ.

ದಸ್ತಗೀರ್ ಸಾಬರ ಎಲೆಕ್ಟ್ರಿಕಲ್ ಶೆಡ್ ಮಾಗಡಿ ರಸ್ತೆಯಲ್ಲಿತ್ತು. ಅವರು ಮೊದಲು ಬ್ಯಾಟರಿಗೆ ಚಾರ್ಜ್ ತುಂಬುವ ಡೈನಮೋ ಬಿಚ್ಚಿ ಬ್ರಷ್ ಬದಲಿಸಿದರು. ಲಾರಿ ಮತ್ತೆ ನಿಂತಿತು. ಡೈನಮೋಗೂ ಬ್ಯಾಟರಿಗೂ ನಡುವಿನ ಕಟೌಟ್ ಬದಲಿಸಿದರು, ಮತ್ತೆ ನಿಂತಿತು. ಕೊನೆಗೆ, ನಿಧಾನವಾಗಿ ಓಡುವ ಗಾಡಿಗೆ ಡೈನಮೋ ಸಾಲುವುದಿಲ್ಲವೆಂದು, ಆಗಷ್ಟೇ ಬರುತ್ತಿದ್ದ ಆಲ್ಟರ್ನೇಟರನ್ನು ಕೂರಿಸಿ, ವೈರಿಂಗನ್ನು ಅದಕ್ಕೆ ತಕ್ಕ ಹಾಗೆ ತಿದ್ದಿದರು. ಎಂಜಿನ್ ಓಡುತ್ತಿದ್ದಾಗ ಚಿಕ್ಕಪ್ಪ ಹಳೆಯ ಅಭ್ಯಾಸದಂತೆ ಬ್ಯಾಟರಿಯ ಟರ್ಮಿನಲ್ ಕಿತ್ತು ನೋಡಲು ಹೋದರು. ಡೈನಮೋ ಕಾಲದಲ್ಲಿ ಚಾರ್ಜಿಂಗ್ ಪರೀಕ್ಷೆ ಎಂದರೆ ಅದೇ: ಕಿತ್ತರೂ ಎಂಜಿನ್ ಓಡಿ, ದೀಪ ಉರಿದರೆ ಡೈನಮೋ ಚೆನ್ನಾಗಿದೆ. ಸಾಬರು ಕೈ ಹಿಡಿದುಕೊಂಡರು. "ಅರೆ ಗೌಡ್ರೇ! ಇದು ಹೊಸ ಸೊಸೆ. ಹಂಗೆಲ್ಲ ಕಿತ್ತು ನೋಡಿದ್ರೆ ಒಳಗೇ ಸುಟ್ಟೋಗ್ತದೆ."

ಹೊಸ ಸೊಸೆಯೂ ಉಳಿಸಲಿಲ್ಲ. ಜುಲೈಯಲ್ಲಿ ಮಳೆ ಹಿಡಿದು ಕೂತಿತು. ಕಟ್ಟಡದ ಕೆಲಸಗಳು ಪೂರ್ತಿ ನಿಂತವು, ಕಲ್ಲು ಕೇಳುವವರಿರಲಿಲ್ಲ. ಲಾರಿ ಎರಡು ಮೂರು ದಿನ ನಿಂತರೆ ಸಾಕು, ಬ್ಯಾಟರಿ ಸತ್ತಿರುತ್ತಿತ್ತು. ಸಾಬರು ಡುಪ್ಲಿಕೇಟ್ ಮಾಲು ಹಾಕಿದ್ದಾರೆಂದು ಚಿಕ್ಕಪ್ಪ ರಸ್ತೆಯಲ್ಲೇ ಅನ್ನತೊಡಗಿದರು. ಬೇರೆ ಲಾರಿಯವರೂ ಅದನ್ನು ಕೇಳಿಸಿಕೊಂಡರು. ಸಾಬರು ನನ್ನ ಎದುರಿಗೇ ಒಮ್ಮೆ, "ಮೀಟರ್ ಮುಳ್ಳು ನೋಡು ತಮ್ಮಾ, ಚಾರ್ಜಿಂಗ್ ಬರೋಬರ್ ಐತೆ. ನಾನೇನು ಬ್ಯಾಟ್ರಿ ಒಳಗೆ ಕೂತ್ಕೊಂಡು ಕುಡೀತೀನಾ?" ಎಂದು ನೊಂದು ಹೇಳಿದರು.

ಚಿಕ್ಕಮ್ಮನ ವಾದ ಬೇರೆಯಿತ್ತು. "ದೃಷ್ಟಿ ಕಣೋ ಲೋಕಿ. ಹೊಲ ಕಳ್ಕೊಂಡೋರ ಮನೇಲಿ ಲಾರಿ ಬಂದು ನಿಂತ್ರೆ ಊರೋರ ಕಣ್ಣು ಬೀಳಲ್ವಾ? ಅದನ್ನ ಬಿಚ್ಚೋದು ಕಟ್ಟೋದು ಮಾಡಬ್ಯಾಡ್ರಿ. ಅದರ ಪಾಡಿಗೆ ಬಿಡಿ." ಶುಕ್ರವಾರ ಶುಕ್ರವಾರ ಲಾರಿಯ ಮೂತಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸುತ್ತಿದ್ದಳು.

"ದೃಷ್ಟಿಗೆ ಎಷ್ಟು ವೋಲ್ಟ್ ಚಿಕ್ಕಮ್ಮ? ಹನ್ನೆರಡಾ, ಇಪ್ಪತ್ನಾಲ್ಕಾ?" ಎಂದು ನಾನು ಕೇಳುತ್ತಿದ್ದೆ.

"ನಿನ್ ನಾಲಿಗೇಗಿಂತ ಸ್ವಲ್ಪ ಕಮ್ಮಿ" ಎನ್ನುತ್ತಿದ್ದಳು.

ನಾನು ಯೋಚಿಸಿದ್ದು ಇಷ್ಟು. ಲಾರಿ ಓಡಿದ ದಿನದ ಮಾರನೆಯ ಬೆಳಿಗ್ಗೆ ಸ್ಟಾರ್ಟ್ ಆಗುತ್ತದೆ. ನಿಂತೇ ಇದ್ದ ಮೇಲೆ ಆಗುವುದಿಲ್ಲ. ಹಾಗಿದ್ದರೆ ತುಂಬುವ ಕಡೆ ತೊಂದರೆಯಿಲ್ಲ. ಕೊಡ ತುಂಬುತ್ತಿದೆ, ಆದರೆ ಎಲ್ಲೋ ಸೋರುತ್ತಿದೆ. ಸಾಬರು ನಿರಪರಾಧಿ. ಇದು ತರ್ಕ, ಇವತ್ತಿಗೂ ಅದರಲ್ಲಿ ಒಂದು ಬಿರುಕು ತೋರಿಸಲು ನನಗೆ ಆಗುವುದಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಎಲ್ಲರನ್ನೂ ಲಾರಿಯ ಬಳಿ ಸೇರಿಸಿದೆ. ಬೆಳಿಗ್ಗೆಯೇ ಎಲ್ಲೋ ಮರ ಬಿದ್ದು ಬಡಾವಣೆಗೆಲ್ಲ ಕರೆಂಟು ಹೋಗಿತ್ತು. ಮೋಡ ಕವಿದು ಹಗಲಲ್ಲೇ ಕತ್ತಲೆ. ಚಿಕ್ಕಪ್ಪ, ಕೊಡೆ ಹಿಡಿದ ಸಾಬರು, ರಂಗಪ್ಪ, ವಠಾರದ ಇನ್ನಿಬ್ಬರು. ಸಿದ್ಲಿಂಗಣ್ಣ ಇರಲಿಲ್ಲ, ಬ್ಯಾಟರಿಗೆ ಹಾಕುವ ನೀರು ತರಲು ಸಾಬರು ಅವನನ್ನು ತಮ್ಮ ಶೆಡ್ಡಿಗೆ ಕಳಿಸಿದ್ದರು.

ಚಿಕ್ಕಮ್ಮ ಸೆರಗನ್ನು ತಲೆಯ ಮೇಲೆಳೆದುಕೊಂಡು ಬಂದಳು. "ಇವತ್ತು ಬ್ಯಾಡ ಬಿಡೋ ಲೋಕಿ. ಮಳೆ ನೋಡು. ನಾಳೆ ಬೆಳಿಗ್ಗೆ ಬಿಸಿಲಲ್ಲಿ ನೋಡ್ಕೊಂಡ್ರಾಯ್ತು."

"ಯಾಕೆ ಚಿಕ್ಕಮ್ಮ, ಭಾನುವಾರ ದೃಷ್ಟಿಗೆ ರಜಾನಾ?" ಎಂದೆ. ಎಲ್ಲರೂ ನಕ್ಕರು. ಚಿಕ್ಕಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು. ಚಿಕ್ಕಮ್ಮ ನನ್ನನ್ನು ಒಮ್ಮೆ ನೋಡಿ, ಮನೆಯ ಕಡೆಗೆ ಹೋಗದೆ ವಠಾರದ ಕಡೆಗೆ ಬಿರಬಿರನೆ ನಡೆದಳು. ಅವಮಾನವಾಯಿತೇನೋ ಅಂದುಕೊಂಡೆ, ಹಾಗೆ ಅಂದುಕೊಂಡು ಸ್ವಲ್ಪ ಖುಷಿಯನ್ನೂ ಪಟ್ಟೆ.

ಪರೀಕ್ಷೆ ಸರಳ. ಎಂಜಿನ್ ಆಫ್, ಸ್ವಿಚ್ಚುಗಳೆಲ್ಲ ಆಫ್. ಬ್ಯಾಟರಿಯ ಒಂದು ಟರ್ಮಿನಲ್ ಬಿಚ್ಚಿ, ಬಿಚ್ಚಿದ ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಒಂದು ಬಲ್ಬನ್ನು ಸೇರಿಸಬೇಕು. ಕರೆಂಟು ಎಲ್ಲಿಗೂ ಹೋಗುತ್ತಿಲ್ಲವಾದರೆ ಬಲ್ಬು ಹತ್ತಬಾರದು. ಸೇರಿಸಿದೆ. ಹತ್ತಿತು. ಪೂರ್ತಿ ಅಲ್ಲ, ಮಂಕಾಗಿ, ಕೆಂಪಗೆ.

"ನೋಡಿ ಚಿಕ್ಕಪ್ಪ! ಸಾಬರ ತಪ್ಪಿಲ್ಲ, ಆಲ್ಟರ್ನೇಟರ್ ತಪ್ಪಿಲ್ಲ" ಎಂದು ವೇದಿಕೆಯ ದನಿಯಲ್ಲಿ ಶುರು ಮಾಡಿದೆ. "ನಿಮ್ಮ ಲಾರೀಲಿ ಒಬ್ಬ ಕಳ್ಳ ಇದಾನೆ!"

ಆ ಶಬ್ದ ನನಗೆ ಬೇಕಿರಲಿಲ್ಲ. ಸೋರಿಕೆ ಅನ್ನಬಹುದಿತ್ತು, ಶಾರ್ಟ್ ಅನ್ನಬಹುದಿತ್ತು. ಕೇಳುಗರು ಆಗಲೇ ನನ್ನ ಕೈಯಲ್ಲಿದ್ದರು. ಕೈಯಲ್ಲಿರುವವರಿಗೆ ಒಂದು ಪೆಟ್ಟು ಹೆಚ್ಚು ಕೊಡುವುದು ನಮ್ಮಂಥವರ ಚಾಳಿ.

ಫ್ಯೂಸುಗಳನ್ನು ಒಂದೊಂದಾಗಿ ತೆಗೆದೆ. ಬಲ್ಬು ಉರಿಯುತ್ತಲೇ ಇತ್ತು. ಆಲ್ಟರ್ನೇಟರಿನ ದಪ್ಪ ವೈರನ್ನು ಸಾಬರೇ ಬಿಚ್ಚಿದರು. ಆಗಲೂ ಉರಿಯುತ್ತಿತ್ತು. ಅಂದರೆ ಫ್ಯೂಸಿಗೂ ಸ್ವಿಚ್ಚಿಗೂ ಸಿಕ್ಕದೆ ಹೊರಗಿನಿಂದಲೇ ಹೋಗುವ ವೈರೊಂದಿದೆ. ಒದ್ದೆ ನೆಲದಲ್ಲಿ ಗೋಣಿ ಹಾಸಿ ಲಾರಿಯ ಕೆಳಗೆ ತೂರಿದೆ. ಬ್ಯಾಟರಿಯ ಕೇಬಲ್ ಬಂದು ಸೇರುವ ಸ್ಟಾರ್ಟರಿನ ಬೋಲ್ಟಿನಿಂದ ಸಣ್ಣದೊಂದು ವೈರು ಹೊರಟಿತ್ತು. ಒಪ್ಪವಾಗಿ ಟೇಪು ಸುತ್ತಿ, ಚಾಸಿಯ ಉದ್ದಕ್ಕೂ ಕಟ್ಟಿದ ವೈರು. ಬೆರಳಿನಲ್ಲಿ ಸವರಿಕೊಂಡು ಹೋದೆ. ಹಿಂದಿನ ಚಕ್ರದ ಬಳಿ ಅದು ಲಾರಿಯನ್ನು ಬಿಟ್ಟು ಗೋಡೆಯ ಕಡೆಗೆ ತಿರುಗಿತ್ತು. ಎಳೆದೆ. ಕೊಕ್ಕೆ ಕಳಚಿ ಕೈಗೆ ಬಂತು.

"ಆರಿತು ಆರಿತು!" ಎಂದು ಮೇಲಿನಿಂದ ರಂಗಪ್ಪ ಕೂಗಿದ. ಪರೀಕ್ಷೆಯ ಬಲ್ಬು ಆರಿತ್ತು.

ಅದೇ ಗಳಿಗೆಯಲ್ಲಿ ಗೋಡೆಯಾಚೆ, ಗೋಣಿ ಕಟ್ಟಿದ್ದ ಕಿಟಕಿಯೊಳಗಿನಿಂದ ಜಯಮ್ಮನ ದನಿ ಬಂತು: "ಅಯ್ಯೋ ಶಿವನೇ, ಆಗ್ಲೇ ಮಂಕಾಗಿತ್ತು, ಈಗ ಬ್ಯಾಟ್ರಿ ಇಳಿದೇ ಹೋಯ್ತಲ್ಲ!"

ಸಾಬರು ಕೊಡೆಯನ್ನು ಮಡಚಿದರು, ಮಳೆಯಲ್ಲೇ. ಓಣಿಯ ತುದಿಯಲ್ಲಿ ಸಿದ್ಲಿಂಗಣ್ಣ ನೀರಿನ ಬಾಟಲಿ ಹಿಡಿದು ನಿಂತಿದ್ದ. ಯಾವಾಗ ಬಂದನೋ.

ವಿಷಯ ಬಿಡಿಸಿ ಹೇಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಬೇರೆ ದಿನಗಳಲ್ಲಿ ಜಯಮ್ಮ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಮಳೆ ಹಿಡಿದು ಅದು ನಿಂತಿತ್ತು. ಲಾರಿ ನಿಂತರೆ ಸಿದ್ಲಿಂಗಣ್ಣನಿಗೂ ಬತ್ತೆ ಇಲ್ಲ. ಉಳಿದದ್ದು ಊದಿನ ಕಡ್ಡಿ. ಮಳೆಗಾಲದಲ್ಲಿ ಕಡ್ಡಿ ಒಣಗುವುದಿಲ್ಲ. ರಾತ್ರಿ ಹೊಸೆದಿಟ್ಟರೆ ಬೆಳಿಗ್ಗೆ ಸಿಕ್ಕಿದಷ್ಟು ಬಿಸಿಲು ಸಿಕ್ಕೀತು. ಸೀಮೆಎಣ್ಣೆ ಬುಡ್ಡಿ ಹಚ್ಚಿದರೆ ಹಸಿ ಕಡ್ಡಿಗೆ ಆ ವಾಸನೆ ಹಿಡಿದು ಕಂಟ್ರಾಕ್ಟರು ಮೂಸಿ ಎಸೆಯುತ್ತಿದ್ದ. ಒಂಬತ್ತರ ಮೇಲೆ ಕರೆಂಟಿಲ್ಲ. ಗೋಡೆಯಾಚೆ ಲಾರಿ ಇತ್ತು.

ಈಗ ಎಲ್ಲ ಸುತ್ತಿ ಬರುತ್ತದೆ ನೋಡಿ. ಮಳೆ ಬಂದಷ್ಟೂ ಲಾರಿ ನಿಲ್ಲುತ್ತಿತ್ತು, ನಿಂತಷ್ಟೂ ಚಾರ್ಜಿಲ್ಲ, ದುಡಿಮೆ ನಿಂತಷ್ಟೂ ಒಳಗೆ ದೀಪ ಹೆಚ್ಚು ಹೊತ್ತು. ಇದರ ಅರ್ಧವನ್ನು ನಾನು ಸರಿಯಾಗಿ ಲೆಕ್ಕ ಹಾಕಿದ್ದೆ. ಇನ್ನರ್ಧ ಗೋಡೆಯ ಆಚೆ ಇತ್ತು.

"ತಪ್ಪಾಯ್ತು ಗೌಡ್ರೇ" ಎಂದ ಸಿದ್ಲಿಂಗಣ್ಣ. ಅಷ್ಟೇ.

"ನನ್ ಲಾರಿ. ನನ್ ಬ್ಯಾಟ್ರಿ. ನನ್ ಗೋಡೇಗೇ ತೂತು" ಎಂದರು ಚಿಕ್ಕಪ್ಪ. "ಊರೆಲ್ಲ ಸಾಬ್ರನ್ನ ಬೈಕೊಂಡು ತಿರುಗಿದ್ನಲ್ಲಯ್ಯಾ ನಾನು! ಹುಡುಗ ಸರಿಯಾಗೇ ಹೇಳ್ದ. ಕಳ್ಳ ಇದ್ದ." ಮತ್ತೆ ನನ್ನ ಬೆನ್ನು ತಟ್ಟಿದರು.

ಇಲ್ಲಿ ಮದುವೆ ಮನೆಯ ಕಥೆ ನಿಲ್ಲುತ್ತದೆ. ನಾನು ಸೇರಿಸಬೇಕಾದದ್ದು ಈ ಮುಂದಿನದು. ಆ ಗಳಿಗೆಯಲ್ಲಿ ನನಗೆ ಎದುರು ವಾದ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಪರ ಮಾತಾಡಿ ಮುಗಿಸಿದ ಕೂಡಲೇ ವಿರೋಧ ತಾನಾಗಿ ತಲೆಯಲ್ಲಿ ಏಳುವುದು ನಮಗೆಲ್ಲ ಅಭ್ಯಾಸ. ಎದ್ದಿತ್ತು, ಪೂರ್ತಿಯಾಗಿ: ಚಿಕ್ಕಪ್ಪ, ಸೋರಿಕೆ ಲಾರಿಯ ಕೆಳಗಿಲ್ಲ, ಪಡಸಾಲೆಯ ಸ್ವಿಚ್ಚಿನಲ್ಲಿದೆ. ಒಂಬತ್ತಕ್ಕೆ ನೀವು ಅದನ್ನು ಎಳೆಯದಿದ್ದರೆ ಈ ವೈರು ಇರುತ್ತಿರಲಿಲ್ಲ, ಸಾಬರ ಹೆಸರು ಕೆಡುತ್ತಿರಲಿಲ್ಲ, ಯಾರೂ ಲಾರಿ ತಳ್ಳುತ್ತಿರಲಿಲ್ಲ. ಒಳ್ಳೆಯ ವಾದ. ಬಹುಮಾನ ಬರುವಂಥದ್ದು. ಅದನ್ನು ಆಡಲಿಲ್ಲ. ಉಣ್ಣುತ್ತಿದ್ದುದು ಅವರ ಮನೆಯಲ್ಲಿ ಎಂಬುದೊಂದು ಕಾರಣ. ಬೆನ್ನಿನ ಮೇಲೆ ಆ ಕೈ ಇನ್ನೂ ಇತ್ತು ಎಂಬುದು ಮತ್ತೊಂದು; ಎರಡನೆಯದೇ ದೊಡ್ಡದು ಎಂಬ ಅನುಮಾನ ನನಗಿದೆ.

ಸಿದ್ಲಿಂಗಣ್ಣ, ಜಯಮ್ಮ ಮನೆ ಖಾಲಿ ಮಾಡಿದರು. ಪಾತ್ರೆ, ಮಣೆ, ಒಣಗದ ಕಡ್ಡಿಗಳ ಕಟ್ಟು, ಒಂದು ಕೈಗಾಡಿಗೆ ಮುಗಿಯಿತು. ಕೈಗಾಡಿಯನ್ನು ರಂಗಪ್ಪ ತಳ್ಳಿದ. ನಾನು ಕಾಲೇಜಿಗೆ ಹೋಗಿದ್ದೆ. ಆ ದಿನ ಮೊದಲ ಕ್ಲಾಸಿಗೇ ಹೋಗಿದ್ದೆ. ಆಮೇಲೆ ಮಾಗಡಿ ರಸ್ತೆಯಲ್ಲಿ ಯಾವ ಲಾರಿಯವರೂ ಸಿದ್ಲಿಂಗಣ್ಣನನ್ನು ಕರೆಯಲಿಲ್ಲವಂತೆ. "ಗೌಡ್ರ ಲಾರೀಲಿ ಕದ್ದೋನಂತೆ" ಎಂಬ ಮಾತು ಅವನಿಗಿಂತ ಮುಂಚೆ ಎಲ್ಲ ಶೆಡ್ಡುಗಳಿಗೂ ಹೋಗಿ ಕೂತಿತ್ತು. ಏನು ಕದ್ದನೆಂದು ಯಾರೂ ಕೇಳಲಿಲ್ಲ. ಸಾಬರು ಮಾತ್ರ ಚಿಕ್ಕಪ್ಪನ ಲಾರಿಯನ್ನು ಮತ್ತೆ ಮುಟ್ಟಲಿಲ್ಲ. ಕಾರಣ ಕೇಳಿದರೆ, "ಚಾರ್ಜಿಂಗ್ ಬರೋಬರ್ ಐತಲ್ಲ, ಇನ್ನೇನು?" ಎನ್ನುತ್ತಿದ್ದರು.

ಕೆಂಗೇರಿಯ ಹೊಸ್ತಿಲ ಬಳಿ ಇದನ್ನೆಲ್ಲ ನಾನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಜಯಮ್ಮ ಕೈ ನಿಲ್ಲಿಸದೆ ಕೇಳಿಸಿಕೊಂಡರು. ಸಿದ್ಲಿಂಗಣ್ಣ ಈಗ ಮೈಸೂರು ಕಡೆಗೆ ಯಾರದೋ ಲಾರಿ ಓಡಿಸುತ್ತಾನೆ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ ಎಂದರು.

"ನಿಮ್ದೇನು ತಪ್ಪು ಬುಡಿ. ವೈರು ಇತ್ತು, ಸಿಕ್ತು. ಪಾಪ, ನಿಮ್ಮ ಚಿಕ್ಕಮ್ಮಂಗೆ ಬೇಜಾರಾಗಿರ್ಬೇಕು."

"ಚಿಕ್ಕಮ್ಮನಿಗಾ?"

ಜಯಮ್ಮ ಆಗ ಮಣೆಯಿಂದ ಕೈ ತೆಗೆದರು. "ನಿಮಗೆ ಗೊತ್ತಿಲ್ವಾ? ಮೊದಲನೇ ವಾರಾನೇ ನೋಡ್ಬುಟ್ಟಿದ್ರು. ಬೆಳಕು ಕಾಣ್ತದೆ, ಗೌಡ್ರು ಎದ್ರೆ ಕಷ್ಟ ಅಂತ ಗೋಣೀನ ಅವರೇ ತಂದ್ಕೊಟ್ರು. ದೃಷ್ಟಿ ಅಂತ ಹೇಳಿರ್ತೀನಿ, ಲಾರಿ ಯಾರೂ ಕೆದಕಬಾರ್ದು, ಮಳೆ ನಿಲ್ಲೋಗಂಟ ಹೆಂಗೋ ದಿನ ತಳ್ಳು ಅಂದ್ರು. ಅವತ್ತೂ ಓಡೋಡಿ ಬಂದ್ರು. ಮಳೆ ಸದ್ದಿಗೆ ಬಾಗ್ಲು ತಟ್ಟಿದ್ದು ನಂಗೆ ಕೇಳಿಸ್ಲೇ ಇಲ್ಲ, ಕೇಳಿಸೋದ್ಕೂ ಲೈಟ್ ಹೋಗೋದ್ಕೂ ಸರಿಹೋಯ್ತು."

ಓಣಿಯಲ್ಲಿ ಬಸ್ಸಿನ ಕಡೆಗೆ ನಡೆಯುವಾಗ ನನಗೆ ಮೊದಲು ಬಂದದ್ದು ಕೋಪ. ಎಲ್ಲರೆದುರು ನಾನು ಸೋಲಿಸಿದ ವಾದವನ್ನು ಅದನ್ನು ಹೇಳುತ್ತಿದ್ದವಳೇ ನಂಬಿರಲಿಲ್ಲ. ಪರ ನಿಂತವಳು ಚೀಟಿ ಎತ್ತಿ ನಿಂತಿರಲಿಲ್ಲ. ಒಂದು ಮನೆಯ ದೀಪ ಕಾಯಲು ನಿಂತಿದ್ದಳು. ನಾನು ಅವಳ ಮೂಢನಂಬಿಕೆಯನ್ನು ಸೋಲಿಸಿದೆನೆಂದು ಆ ವಾರ ಗೆಳೆಯರಿಗೆ ಕಾಫಿ ಕೊಡಿಸಿದ್ದೆ. ಈ ಮೂರು ವರ್ಷದಲ್ಲಿ ಆ ಕಥೆ ಅವಳೆದುರು ಎಷ್ಟು ಸಲ ನಡೆದಿದೆ! "ನಿಮ್ಮಮ್ಮನ್ನ ಕೇಳು, ದೃಷ್ಟಿಗೆ ಎಷ್ಟು ವೋಲ್ಟು" ಎಂದು ಚಿಕ್ಕಪ್ಪ ತಮ್ಮ ಮಕ್ಕಳನ್ನು ನಗಿಸುವಾಗ ಅವಳು ಎದ್ದು ನೀರು ತರಲು ಹೋಗುತ್ತಾಳೆ.

ಮನೆಗೆ ಬಂದಾಗ ಅವಳು ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಮೊರದ ಇನ್ನೊಂದು ಬದಿ ಕೂತು ಸುಲಿಯತೊಡಗಿದೆ. ಕೆಂಗೇರಿಗೆ ಹೋಗಿದ್ದೆ, ಜಯಮ್ಮ ಸಿಕ್ಕಿದ್ದರು, ಎಲ್ಲ ಹೇಳಿದರು ಎಂದೆ. ಅವಳ ಕೈ ಒಮ್ಮೆ ನಿಂತಿತು. "ಚೆನ್ನಾಗವ್ಳಾ?" ಎಂದು ಕೇಳಿ ಮತ್ತೆ ಕಾಯಿ ಕೈಗೆತ್ತಿಕೊಂಡಳು.

ನನಗೆ ಕೇಳಬೇಕಾದದ್ದು ಒಂದೇ ಇತ್ತು. ಪಡಸಾಲೆಯಲ್ಲಿ ಚಿಕ್ಕಪ್ಪ ಎದ್ದು ಓಡಾಡುವ ಸದ್ದಿತ್ತು. ದನಿ ತಗ್ಗಿಸಿ ಕೇಳಿದೆ.

"ಆ ಎರಡು ತಿಂಗಳು ದಿನಾ ನನಗೆ ಊಟಕ್ಕೆ ಬಡಿಸ್ತಿದ್ಯಲ್ಲ ಚಿಕ್ಕಮ್ಮ. ಒಂದು ದಿನ, ಒಂದೇ ಒಂದು ಮಾತು ನನ್ನ ಕಿವೀಲಿ ಹೇಳಿದ್ರೆ ನಾನು ಬಾಯಿ ಮುಚ್ಕೊಂಡು ಇರ್ತಿದ್ದೆ ಅಂತ ನಿನಗೆ ಅನ್ನಿಸಲೇ ಇಲ್ವಾ?"